ಸುಲಭವಾಗಿ ಬರುವುದನ್ನು ಬಿಟ್ಟು ನೋಡಿ: ಯೋಗ, ಪಿಲಾಟೀಸ್ ಮತ್ತು ನಮ್ಮ ಸೊಂಟ

(ಮೈಸೂರಿನ ಒಂದು ಮಹಿಳಾ ಸಮಾಜದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಯೋಗವನ್ನೂ ಕಲಿಸುತ್ತೇನೆ, ಪಿಲಾಟೀಸ್ ಅನ್ನುವ ವ್ಯಾಯಾಮ ಪದ್ಧತಿಯನ್ನೂ ಕಲಿಸುತ್ತೇನೆ. ಹಾಗಾಗಿ "ಎರಡರಲ್ಲಿ ಯಾವುದು ಒಳ್ಳೆಯದು ಮೇಡಂ?" ಅನ್ನುವ ಪ್ರಶ್ನೆ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ನನ್ನನ್ನು ಬಿಡುವುದಿಲ್ಲ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಯಾವುದು ಸುಲಭವಾಗಿ ಬರುತ್ತೆ? ಅವರು ಖುಷಿಯಾಗಿ ಹೇಳುತ್ತಾರೆ. ಹಾಗಾದರೆ ಇನ್ನೊಂದಕ್ಕೆ ಸೇರಿಕೊಳ್ಳಿ ಅನ್ನುತ್ತೇನೆ.

ತಮಾಷೆ ಅಲ್ಲ. ಮೈ ಚೆನ್ನಾಗಿ ಬಾಗುವವರು ಯೋಗಕ್ಕೆ ಹೋಗುತ್ತಾರೆ. ಅಲ್ಲಿ ಮೊದಲ ದಿನವೇ ಶಭಾಷ್ ಸಿಗುತ್ತದಲ್ಲ! ಮೈ ಬಿಗಿ ಇರುವವರು "ನನಗೆ ಬಗ್ಗೋಕೇ ಆಗಲ್ಲ, ಯೋಗ ನಮ್ಮಂಥವರಿಗಲ್ಲ" ಅಂತ ಹೇಳಿ ಜಿಮ್ಮಿಗೋ ಪಿಲಾಟೀಸಿಗೋ ಹೋಗುತ್ತಾರೆ. ಇಬ್ಬರೂ ತಮ್ಮ ಹತ್ತಿರ ಆಗಲೇ ಇರುವುದನ್ನೇ ಇನ್ನಷ್ಟು ಗಳಿಸುತ್ತಾರೆ. ಇಲ್ಲದ್ದು ಇಲ್ಲದೇ ಉಳಿಯುತ್ತದೆ.

ಈಗ ಕೂತಲ್ಲೇ ಒಂದು ಪರೀಕ್ಷೆ ಮಾಡೋಣ. ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿ. ಮುಂಗೈಗೆ ತಾಗುತ್ತಾ? ಬಲವಂತ ಬೇಡ. ಈಗ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ. ನೆಟ್ಟಗೆ ನಿಲ್ಲುವಷ್ಟು ಬಾಗುತ್ತಾ? ಕೈ ಚಾಚಿ. ಮೊಣಕೈ ನೇರವಾಗಿ ನಿಲ್ಲುತ್ತಾ, ಇಲ್ಲ ಹಿಂದಕ್ಕೆ ವಾಲುತ್ತಾ? ಮನೆಗೆ ಹೋಗಿ ಮಂಡಿಯನ್ನೂ ಹೀಗೇ ನೋಡಿಕೊಳ್ಳಿ. ಮಂಡಿ ಮಡಿಸದೆ ಬಗ್ಗಿ ಎರಡೂ ಅಂಗೈ ನೆಲಕ್ಕೆ ಊರುವುದಕ್ಕೆ ಆಗುತ್ತಾ ಅಂತಲೂ ನೋಡಿ. ಇದಕ್ಕೆ ಬೈಟನ್ ಸ್ಕೋರ್ ಅನ್ನುತ್ತಾರೆ. ಎಡಕ್ಕೊಂದು ಬಲಕ್ಕೊಂದು, ಅಂಗೈ ಊರುವುದಕ್ಕೆ ಒಂದು, ಒಟ್ಟು 9 ಅಂಕ. ಐದೋ ಆರೋ ಬಂದರೆ ನಿಮ್ಮ ಕೀಲುಗಳು ಹುಟ್ಟಾ ಸಡಿಲ ಅಂತ ಲೆಕ್ಕ.

ಅಲ್ಲಿ ಮೂರನೇ ಸಾಲಿನಲ್ಲಿ ಒಬ್ಬರ ಹೆಬ್ಬೆರಳು ಸಲೀಸಾಗಿ ತಾಗಿತು, ಪಕ್ಕದವರು ಬೆರಗಾಗಿ ನೋಡುತ್ತಿದ್ದಾರೆ. ಬೆರಗಾಗುವಂಥದ್ದೇನಿಲ್ಲ. ನನ್ನ ಹತ್ತಿರ ಸೊಂಟ ನೋವು ಅಂತ ಬರುವ ಭರತನಾಟ್ಯದ ಹುಡುಗಿಯರು ಬಹುಪಾಲು ಹೀಗೇ. ಅರೆಮಂಡಿಯಲ್ಲಿ ಚೆಂದವಾಗಿ ಕೂರುತ್ತಾರೆ. ಸುಮ್ಮನೆ ನಿಂತಾಗ ಮಾತ್ರ ಮಂಡಿ ಹಿಂದಕ್ಕೆ ಬಾಗಿ ಬೀಗ ಬಿದ್ದಿರುತ್ತದೆ, ಹೊಟ್ಟೆ ಮುಂದಕ್ಕೆ ಬಂದಿರುತ್ತದೆ. ಸ್ನಾಯು ಕೆಲಸ ಮಾಡುತ್ತಿಲ್ಲ, ಮೈಭಾರವೆಲ್ಲ ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳ ಮೇಲೆ ನೇತಾಡುತ್ತಿದೆ. ಇಂಥವರಿಗೆ ಯಾರೋ "ಯೋಗ ಮಾಡು, ಮೈ ಸಡಿಲ ಆಗುತ್ತೆ" ಅಂತ ಹೇಳಿರುತ್ತಾರೆ. ತಿರುಪು ಸಡಿಲವಾದ ಬಾಗಿಲಿಗೆ ಎಣ್ಣೆ ಹಾಕಿದ ಹಾಗೆ ಅದು. ಅವರಿಗೆ ಬೇಕಾದ್ದು ಬಿಗಿ, ಹಿಡಿತ.

ನಾವು ಮೈಸೂರಿನಲ್ಲಿ ಕೂತಿದ್ದೇವೆ, ಯೋಗ ನಮ್ಮದು, ಪಿಲಾಟೀಸ್ ಪರದೇಶದ್ದು ಅನ್ನುವ ಭಾವನೆ ಸಹಜ. ಆದರೆ ಇವೆರಡರ ಕಥೆ ಪಕ್ಕಪಕ್ಕ ಇಟ್ಟು ನೋಡಿದರೆ ನಾವು ಅಂದುಕೊಂಡಷ್ಟು ದೂರ ಇಲ್ಲ.

ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮುನ್ಷೆನ್‌ಗ್ಲಾಡ್‌ಬಾಖ್ ಊರಲ್ಲಿ. ಚಿಕ್ಕಂದಿನಲ್ಲಿ ಉಬ್ಬಸ, ರಿಕೆಟ್ಸ್, ರುಮ್ಯಾಟಿಕ್ ಜ್ವರ, ಹೀಗೆ ಒಂದಲ್ಲ ಒಂದು ಕಾಯಿಲೆ. ಹುಡುಗ ಹಟ ಹಿಡಿದು ಮೈ ಬೆಳೆಸಿದ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ. ಜರ್ಮನ್ ಅನ್ನುವ ಕಾರಣಕ್ಕೆ ಬ್ರಿಟಿಷರು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರಕ್ಕೆ ಹಾಕಿದರು. ಅಲ್ಲಿ ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದಲ್ಲೇ ಕೈಕಾಲು ಆಡಿಸುವ ಹಾಗೆ ಮಾಡಿದ ಅಂತ ಪಿಲಾಟೀಸ್ ಕಲಿಸುವವರೆಲ್ಲ ಹೇಳುತ್ತಾರೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಸ್ಪ್ರಿಂಗ್ ಮಾತ್ರ ನಿಜ, ಇವತ್ತಿಗೂ ಅವನ ಯಂತ್ರದಲ್ಲಿದೆ. 1926ರಲ್ಲಿ ನ್ಯೂಯಾರ್ಕಿಗೆ ಹೋದ. ಹಡಗಿನಲ್ಲಿ ಪರಿಚಯವಾದ ಕ್ಲಾರಾ ಜೊತೆ ಸೇರಿ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೋ ತೆರೆದ. ಕಾಲು ಉಳುಕಿದ, ಸೊಂಟ ಹಿಡಿದ ನೃತ್ಯಗಾರರು ಅಲ್ಲಿಗೆ ಬರತೊಡಗಿದರು. ಜಾರ್ಜ್ ಬ್ಯಾಲಂಚಿನ್, ಮಾರ್ಥಾ ಗ್ರಹಾಂ ಅಂಥ ಹೆಸರಾಂತ ನೃತ್ಯ ಸಂಯೋಜಕರೇ ತಮ್ಮವರನ್ನು ಕಳಿಸುತ್ತಿದ್ದರು. ಅವನು ಇದಕ್ಕೆ ಇಟ್ಟಿದ್ದ ಹೆಸರು ಕಂಟ್ರಾಲಜಿ. 1945ರ ಅವನ ಪುಸ್ತಕದಲ್ಲಿ ಚಾಪೆ ಮೇಲೆ ಮಾಡುವ 34 ವ್ಯಾಯಾಮಗಳಿವೆ.

ಈಗ ಈ ಕಡೆ ಬನ್ನಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲೂಯೆಂಜಾ ಊರೂರು ಖಾಲಿ ಮಾಡುತ್ತಿದ್ದ ಕಾಲದಲ್ಲಿ, ಒಂದು ಮಗು ಹುಟ್ಟಿತು. ಅದಕ್ಕೂ ಮಲೇರಿಯಾ, ಟೈಫಾಯ್ಡ್, ಕ್ಷಯ. ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಅಂತ ಜಗತ್ತಿಗೆ ಗೊತ್ತಾದದ್ದು ಇದೇ ಹುಡುಗ. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡನ ಮನೆಗೆ ಬಂದ. ಆ ಭಾವನೇ ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಅವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುಮಾಡಿದ್ದರು. ಮರುವರ್ಷ ಬಂದ ಅವರ 'ಯೋಗ ಮಕರಂದ' ಬರೆದದ್ದು ಕನ್ನಡದಲ್ಲಿ. ಇವತ್ತು ಜಗತ್ತಿನಾದ್ಯಂತ ಸ್ಟುಡಿಯೋಗಳಲ್ಲಿ ಮಾಡುವ ಯೋಗದ ದೊಡ್ಡ ಪಾಲು ಆ ಒಂದು ಶಾಲೆಯಿಂದ ಹೊರಟದ್ದು. ಅಲ್ಲಿ ಕಲಿತ ಶಿಷ್ಯರಲ್ಲಿ ಅಯ್ಯಂಗಾರ್ ಪುಣೆಗೆ ಹೋದರು, ಪಟ್ಟಾಭಿ ಜೋಯಿಸರು ಇಲ್ಲೇ ಲಕ್ಷ್ಮೀಪುರಂನಲ್ಲಿ ಕಲಿಸಿದರು, ಇಂದ್ರಾದೇವಿ ಹಾಲಿವುಡ್ಡಿಗೆ ಒಯ್ದರು. ಯೋಗ ಕಲಿಯಲು ಬಂದು ಗೋಕುಲಂ ಬಡಾವಣೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಎಳನೀರು ಕುಡಿಯುತ್ತಾ ಓಡಾಡುವ ವಿದೇಶಿಯರನ್ನು ನೀವು ದಿನಾ ನೋಡುತ್ತೀರಿ.

ಅದೇ ಜಗನ್ಮೋಹನ ಅರಮನೆಯ ಇನ್ನೊಂದು ಮಗ್ಗುಲಲ್ಲಿ ಕೆ.ವಿ. ಅಯ್ಯರ್ ಕಡೆಯವರ ವ್ಯಾಯಾಮಶಾಲೆಯೂ ಇತ್ತು. ಹೌದು, ಕಾದಂಬರಿ ಬರೆದರಲ್ಲ, ಅದೇ ಕೆ.ವಿ. ಅಯ್ಯರ್. ದಂಡ, ಬಸ್ಕಿ, ಗರಡಿ ಸಾಮು, ಪರದೇಶದ ಜಿಮ್ನಾಸ್ಟಿಕ್ಸ್, ಇವೆಲ್ಲ ಆಸನಗಳ ಜೊತೆ ಎಷ್ಟು ಬೆರೆತವು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳ ಇದೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಮ್ಮಿ. ಕಾಯಿಲೆಯ ಇಬ್ಬರು ಹುಡುಗರು, ಎರಡು ಖಂಡ, ಮೂವತ್ತೈದು ವರ್ಷದ ಅಂತರ. ಒಬ್ಬ ಸ್ಪ್ರಿಂಗ್ ಕಟ್ಟಿದ, ಇನ್ನೊಬ್ಬರು ಬೆಲ್ಟು, ಹಗ್ಗ, ಕುರ್ಚಿ, ಮರದ ದಿಮ್ಮಿ ತಂದರು. ಮೈಯನ್ನು ಬೈಯದೆ ಅದಕ್ಕೆ ಆಸರೆ ಕೊಟ್ಟು ಕೆಲಸ ಮಾಡಿಸುವ ಉಪಾಯ ಇಬ್ಬರಿಗೂ ಹೊಳೆಯಿತು.

ಹಾಗಿದ್ದರೆ ವ್ಯತ್ಯಾಸ ಏನು? ಒಂದು ಭಂಗಿ ತೆಗೆದುಕೊಂಡು ತೋರಿಸುತ್ತೇನೆ. (ಇಲ್ಲಿ ಚಾಪೆ ಹಾಸಿ ಮಾಡಿ ತೋರಿಸಿದೆ.)

ಕಾಲು ಚಾಚಿ ಕೂತಿದ್ದೇನೆ. ಪಶ್ಚಿಮೋತ್ತಾನಾಸನ ನಿಮಗೆಲ್ಲ ಗೊತ್ತು. ಉಸಿರು ತೆಗೆದುಕೊಂಡು ಬೆನ್ನು ಉದ್ದ ಮಾಡುತ್ತೇನೆ. ಉಸಿರು ಬಿಡುತ್ತಾ ಸೊಂಟದ ಕೀಲಿನಿಂದ ಮುಂದಕ್ಕೆ ಬಾಗುತ್ತೇನೆ. ಕಾಲ್ಬೆರಳು ಹಿಡಿದೆ. ಈಗ ಇಲ್ಲೇ ಇರುತ್ತೇನೆ. ಒಂದು ನಿಮಿಷ, ಎರಡು ನಿಮಿಷ. ಮೂಗಿನಿಂದ ಉಸಿರು ಹೋಗಿ ಬರುತ್ತಿದೆ. ಮೊದಲು ತೊಡೆಯ ಹಿಂಭಾಗ ಎಳೆಯುತ್ತದೆ, ಆಮೇಲೆ ಅದು ತಾನಾಗಿ ಬಿಡುತ್ತಾ ಬರುತ್ತದೆ. ಏನೂ ಮಾಡದೆ ಅಲ್ಲಿ ಇರುವುದೇ ಇದರ ಕೆಲಸ. ಪತಂಜಲಿ ಹೇಳಿದ 'ಸ್ಥಿರಸುಖಮಾಸನಂ' ಇದೇ.

ಈಗ ಪಿಲಾಟೀಸಿನ ಸ್ಪೈನ್ ಸ್ಟ್ರೆಚ್. ದೂರದಿಂದ ನೋಡಿದವರಿಗೆ ಅದೇ ಭಂಗಿ. ಕಾಲು ಭುಜದಷ್ಟು ಅಗಲ. ತಲೆ ಮೊದಲು ಬಾಗುತ್ತದೆ, ಆಮೇಲೆ ಕತ್ತು, ಆಮೇಲೆ ಬೆನ್ನಿನ ಒಂದೊಂದೇ ಮೂಳೆ. ಎದುರಿಗೆ ದೊಡ್ಡ ಚೆಂಡು ಇದ್ದರೆ ಅದರ ಮೇಲೆ ಬಾಗುವ ಆಕಾರ. ಬಾಯಿಂದ ಉಸಿರು ಬಿಡುತ್ತಿದ್ದೇನೆ, ಹೊಟ್ಟೆ ಒಳಕ್ಕೆ ಹೋಗುತ್ತಿದೆ, ಸೊಂಟ ಇದ್ದಲ್ಲೇ ಇದೆ. ಕಾಲ್ಬೆರಳು ಮುಟ್ಟಬೇಕು ಅಂತಿಲ್ಲ. ಅಲ್ಲಿ ನಿಲ್ಲುವುದೂ ಇಲ್ಲ. ಈಗ ವಾಪಸ್: ಕೆಳಗಿನ ಮೂಳೆ ಮೊದಲು, ತಲೆ ಕಟ್ಟಕಡೆಗೆ. ಮೂರೋ ಐದೋ ಸಲ, ಅಷ್ಟೇ. ಹೋಗಿ ಬರುವ ದಾರಿಯಲ್ಲಿ ಎಲ್ಲೂ ಜಾರಬಾರದು.

ಒಂದರಲ್ಲಿ ತಲುಪಿ ನಿಲ್ಲುವುದು ಮುಖ್ಯ. ಇನ್ನೊಂದರಲ್ಲಿ ಹೋಗುವುದು, ಬರುವುದು ಮುಖ್ಯ. ರಿಫಾರ್ಮರ್ ಯಂತ್ರದ ಮೇಲೆ ಮಲಗಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜಾರುವ ಹಾಸಿನ ಮೇಲೆ ಬೆನ್ನು, ಕಂಬಿಯ ಮೇಲೆ ಪಾದ. ಒತ್ತಿದರೆ ಹಾಸು ಹಿಂದಕ್ಕೆ ಹೋಗುತ್ತದೆ, ಸ್ಪ್ರಿಂಗ್ ಹಿಗ್ಗುತ್ತದೆ. ಅದು ಯಾರು ಬೇಕಾದರೂ ಮಾಡುತ್ತಾರೆ. ವಾಪಸ್ ಬರುವಾಗ ಸ್ಪ್ರಿಂಗ್ ನಿಮ್ಮನ್ನು ಎಳೆಯುತ್ತದೆ, ನೀವು ತಡೆಯಬೇಕು. ಹಾಸು ಬಂದು ಠಪ್ ಅಂತ ಬಡಿದರೆ ಟೀಚರ್ ಆ ಮೂಲೆಯಿಂದಲೇ ತಿರುಗಿ ನೋಡುತ್ತಾರೆ! ಸಡಿಲ ಕೀಲಿನವರಿಗೆ ಬೇಕಾದ ಹಿಡಿತ ಬರುವುದು ಈ ತಡೆಯುವ ಕೆಲಸದಲ್ಲಿ.

ಬಿಗಿ ಮೈಯವರಿಗೆ ಅಷ್ಟೇ ಮುಖ್ಯವಾದದ್ದು ನಿಲ್ಲುವ ಕೆಲಸ. ರಿಟೈರ್ ಆದ ಒಬ್ಬ ಬ್ಯಾಂಕ್ ಮ್ಯಾನೇಜರ್ ನನ್ನ ಕ್ಲಾಸಿಗೆ ಬರುತ್ತಿದ್ದರು. ಭುಜ ಕಿವಿಯ ಹತ್ತಿರ, ಹಲ್ಲು ಕಚ್ಚಿಕೊಂಡು ಎಲ್ಲ ವ್ಯಾಯಾಮ ಮಾಡಿ ಮುಗಿಸುತ್ತಿದ್ದರು, ಫೈಲ್ ಕ್ಲಿಯರ್ ಮಾಡುವ ಹಾಗೆಯೇ. ಅವರಿಗೆ ಪಿಲಾಟೀಸ್ ಇಷ್ಟವೋ ಇಷ್ಟ. ಎಣಿಕೆ ಇದೆ, ಗುರಿ ಇದೆ. ಶವಾಸನ ಅಂದರೆ ಮಾತ್ರ ಚಡಪಡಿಕೆ, "ಸುಮ್ನೆ ಮಲಗೋಕೆ ದುಡ್ಡು ಕೊಡಬೇಕಾ?" ಅಂತ. ಅವರಿಗೆ ಬೇಕಾಗಿದ್ದದ್ದು ಅದೇ ನೋಡಿ.

ಸಂಶೋಧನೆ ಏನು ಹೇಳುತ್ತದೆ ಅಂತ ಕೇಳುತ್ತೀರಿ. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಎರಡರ ಮೇಲೂ ಕಾಕ್ರೇನ್ ವಿಮರ್ಶೆಗಳು, ಅಂದರೆ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ವರದಿಗಳು ಬಂದಿವೆ, ಪಿಲಾಟೀಸ್ ಬಗ್ಗೆ 2015ರಲ್ಲಿ, ಯೋಗದ ಬಗ್ಗೆ 2017ರಲ್ಲಿ. ಎರಡರ ಸಾರವೂ ಒಂದೇ ಥರ: ಏನೂ ಮಾಡದೆ ಕೂರುವುದಕ್ಕಿಂತ ಇದು ವಾಸಿ, ಬೇರೆ ವ್ಯಾಯಾಮಗಳಿಗಿಂತ ಮೇಲು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಇದು ಎರಡೂ ಕಡೆಯ ಟೀಚರ್‌ಗಳಿಗೆ ಹಿಡಿಸುವುದಿಲ್ಲ. ನನಗೆ ಮಾತ್ರ ಇದರಿಂದ ಸಮಾಧಾನ. ನಿಮ್ಮ ಮೈಗೆ ಹೊಂದುವುದನ್ನು ಆರಿಸಿಕೊಳ್ಳಬಹುದು, ಏನೋ ಕಳೆದುಕೊಂಡೆ ಅಂತ ಕೊರಗಬೇಕಿಲ್ಲ.

ಇನ್ನು ಮನಸ್ಸು. ಇಲ್ಲಿ ಮಾತ್ರ ನಾನು ಯೋಗದ ಪಕ್ಷ. ಪತಂಜಲಿಯ ಯೋಗಸೂತ್ರದ ಇನ್ನೂರಕ್ಕೆ ಸ್ವಲ್ಪ ಕಮ್ಮಿ ಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಇರುವುದು ಮೂರು. ಉಳಿದದ್ದೆಲ್ಲ ಹೆಚ್ಚಾಗಿ ಚಿತ್ತದ ಗಲಾಟೆಯನ್ನು ಹೇಗೆ ಅಡಗಿಸುವುದು ಅನ್ನುವುದು. ಪ್ರಾಣಾಯಾಮ, ಭ್ರಾಮರಿ, ಯೋಗನಿದ್ರೆ, ಇಂಥ ಸಾಮಾನು ಪಿಲಾಟೀಸಿನ ಪೆಟ್ಟಿಗೆಯಲ್ಲಿ ಇಲ್ಲ. ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರು ನಿಧಾನ ಮಾಡಿದರೆ ಎದೆಬಡಿತದ ಲಯ ಬದಲಾಗುತ್ತದೆ, ದೇಹ ವಿಶ್ರಾಂತಿಯ ಕಡೆ ವಾಲುತ್ತದೆ. ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಭಾಗವಾಗಿ ಯೋಗ ಹೇಳಿಕೊಡುತ್ತಾರೆ. ಆದರೆ ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ. "ಯೋಗ ಶುರು ಮಾಡಿದೆ, ಮಾತ್ರೆ ಬಿಟ್ಟೆ" ಅಂತ ಯಾರಾದರೂ ಹೇಳಿದರೆ ನನಗೆ ಭಯ ಆಗುತ್ತದೆ. ಬಿಡುವುದಾದರೆ ಡಾಕ್ಟರ್ ಹೇಳಿ ಬಿಡಿಸಬೇಕು.

ಇನ್ನೊಂದು ವಿಷಯ ಯೋಗದವರು ಜಾಸ್ತಿ ಹೇಳುವುದಿಲ್ಲ. ತೀರಾ ಆತಂಕದಲ್ಲಿ ಇರುವವರಿಗೆ ಕಣ್ಣು ಮುಚ್ಚಿ ಮಲಗುವುದೇ ಹಿಂಸೆ. ತಲೆಯೊಳಗಿನ ಗದ್ದಲ ಇನ್ನೂ ಜೋರಾಗಿ ಕೇಳುತ್ತದೆ. ಭಸ್ತ್ರಿಕಾ, ಕಪಾಲಭಾತಿಯಂಥ ರಭಸದ ಉಸಿರಾಟದಿಂದ ಎದೆ ಡವಡವ ಅಂದು ಪ್ಯಾನಿಕ್ ಆದವರನ್ನೂ ಕಂಡಿದ್ದೇನೆ. ಇಂಥವರನ್ನು ನಾನು ಮೊದಲು ಚಾಪೆ ಪಿಲಾಟೀಸಿಗೆ ಹಾಕುತ್ತೇನೆ. ಹಂಡ್ರೆಡ್ ಅಂತ ಒಂದಿದೆ. ಅಂಗಾತ ಮಲಗಿ, ತಲೆ ಭುಜ ಎತ್ತಿ, ಕಾಲೆತ್ತಿ, ಕೈಯನ್ನು ಪಕ್ಕದಲ್ಲಿ ಪಟಪಟ ಆಡಿಸಬೇಕು. ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ, ಹತ್ತು ಸಲ. ಹೊಸಬರು ಕಾಲು ಮಡಿಸಿಕೊಂಡೇ ಮಾಡಲಿ. ಇಷ್ಟೆಲ್ಲ ನೆನಪಿಟ್ಟುಕೊಂಡು ಮಾಡುವಾಗ ಇಎಂಐ, ಅತ್ತೆ, ಅಪ್ರೈಸಲ್ ಯಾವುದೂ ನೆನಪಾಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಅದೇ ವ್ಯಕ್ತಿ ತಾನಾಗಿ ಶವಾಸನ ಕೇಳಿದ್ದುಂಟು.

ಎಚ್ಚರಿಕೆಯ ಮಾತು ಕೆಲವಿದೆ, ಬೇಗ ಹೇಳುತ್ತೇನೆ. ಗ್ಲಾಕೋಮಾ ಇರುವವರು ಶೀರ್ಷಾಸನದ ತಂಟೆಗೆ ಹೋಗಬಾರದು, ತಲೆಕೆಳಗಾದಾಗ ಕಣ್ಣಿನ ಒತ್ತಡ ಎರಡು ಪಟ್ಟಿನವರೆಗೂ ಏರುತ್ತದೆ. ಬಿಪಿ ಹಿಡಿತದಲ್ಲಿ ಇಲ್ಲದವರೂ ಬೇಡ. ಪದ್ಮಾಸನದಲ್ಲಿ ತಿರುಗಬೇಕಾದ್ದು ತೊಡೆಸಂದಿಯ ಕೀಲು. ಅದು ತಿರುಗದಿದ್ದರೆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿ ಸವೆದವರು ಕುರ್ಚಿ ಮೇಲೆ ಕೂತೇ ಪ್ರಾಣಾಯಾಮ ಮಾಡಿ, ಪುಣ್ಯ ಏನೂ ಕಮ್ಮಿ ಆಗಲ್ಲ. ಮುಟ್ಟು ನಿಂತ ಮೇಲೆ ಮೂಳೆ ತೆಳುವಾದವರು, ಅಂದರೆ ಆಸ್ಟಿಯೋಪೊರೋಸಿಸ್ ಇರುವವರು, ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗುವುದನ್ನೆಲ್ಲ ಬಿಡಬೇಕು. ಅದರಲ್ಲಿ ಪಶ್ಚಿಮೋತ್ತಾನಾಸನವೂ ಬಂತು, ನಾನು ಈಗ ತೋರಿಸಿದ ಸ್ಪೈನ್ ಸ್ಟ್ರೆಚ್, ಹಂಡ್ರೆಡ್ ಕೂಡ ಬಂದವು. ಬೆನ್ನುಮೂಳೆ ಮುಂದುಗಡೆ ಕುಸಿಯುವ ಅಪಾಯ ಇದೆ.

ಬಾಣಂತಿಯರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೆಮ್ಮಿದರೆ, ಸೀನಿದರೆ ಎರಡು ಹನಿ ಮೂತ್ರ ಹೋಗುವುದನ್ನು "ಹೆರಿಗೆ ಆದಮೇಲೆ ಇದೆಲ್ಲ ಇದ್ದದ್ದೇ" ಅಂತ ಅಮ್ಮಂದಿರು ಸುಮ್ಮನಾಗಿಸುತ್ತಾರೆ. ಇದ್ದದ್ದೇ ಅಲ್ಲ. ಜನನಾಂಗದ ಸುತ್ತ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳಿವೆ. ಅವನ್ನು ಉಸಿರಿನ ಜೊತೆ ಸೇರಿಸಿ ಮತ್ತೆ ಬಲಪಡಿಸಬಹುದು. ಬಿಡಿಸಿ ಬಿಡಿಸಿ ಹೇಳಿಕೊಡುವ ಒಳ್ಳೆಯ ಪಿಲಾಟೀಸ್ ಟೀಚರ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತಾರೆ. ಆದರೆ ಹೊಟ್ಟೆಯ ಸ್ನಾಯು ಮಧ್ಯದಲ್ಲಿ ಬಿಟ್ಟುಕೊಂಡಿದ್ದರೆ ಹಂಡ್ರೆಡ್‌ನಂಥದ್ದಕ್ಕೆ ಕೈ ಹಾಕಬಾರದು. ಮೊದಲು ಡಾಕ್ಟರ್‌ಗೋ ಫಿಸಿಯೋಗೋ ತೋರಿಸಿ. ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡ ಮಾತ್ರಕ್ಕೆ ಒಳಗಿನ ಬಲ ಬರುವುದಿಲ್ಲ.

ದುಡ್ಡಿನ ಲೆಕ್ಕವೂ ಇದೆ. ಬೆಂಗಳೂರಿನಲ್ಲಿ ಕೆಲವು ರಿಫಾರ್ಮರ್ ಕ್ಲಾಸುಗಳಿಗೆ ಒಂದು ಸಲ ಕೊಡುವ ದುಡ್ಡಲ್ಲಿ ಬಡಾವಣೆಯ ಯೋಗ ತರಗತಿಯ ತಿಂಗಳ ಫೀಸೇ ಮುಗಿಯಬಹುದು. ನಮ್ಮ ಊರುಗಳಲ್ಲಿ ಬೆಳಗಿನ ಜಾವ ಪಾರ್ಕು, ದೇವಸ್ಥಾನ, ಕಲ್ಯಾಣ ಮಂಟಪಗಳಲ್ಲಿ ಪುಕ್ಕಟೆ ಹೇಳಿಕೊಡುವವರೂ ಇದ್ದಾರೆ. ಅವರ ಸೇವೆಯ ಬಗ್ಗೆ ನನಗೆ ಗೌರವ ಇದೆ. ತೊಂದರೆ ಒಂದೇ: ನೂರು ಜನರ ನಡುವೆ ನಿಮ್ಮ ಮಂಡಿ ಎತ್ತ ತಿರುಗಿದೆ ಅಂತ ನೋಡುವವರು ಯಾರು? ಜೂನ್ 21ರ ಮೈದಾನದ ಯೋಗದಲ್ಲಂತೂ ಕೇಳಲೇ ಬೇಡಿ. ಅದು ಹಬ್ಬ, ಹಬ್ಬದ ಹಾಗೇ ಮಾಡಿ ಬನ್ನಿ.

ಪಿಲಾಟೀಸ್ ಬೋರ್ಡಿನ ಬಗ್ಗೆಯೂ ಹುಷಾರು. 2000ದಲ್ಲಿ ಅಮೆರಿಕದ ಕೋರ್ಟು, ಪಿಲಾಟೀಸ್ ಅನ್ನುವುದು ಯೋಗ, ಕರಾಟೆಯ ಹಾಗೆ ಎಲ್ಲರೂ ಬಳಸುವ ಮಾತು, ಒಬ್ಬರ ಟ್ರೇಡ್‌ಮಾರ್ಕ್ ಅಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು ಅಂತಾಯಿತು. ವಾರಾಂತ್ಯದ ಕೋರ್ಸ್ ಮುಗಿಸಿ ಸೋಮವಾರ ಕಲಿಸುವವರು ಎರಡೂ ಕಡೆ ಇದ್ದಾರೆ.

ನಾನು ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

"ನನಗೆ ಅರವತ್ತೆಂಟು. ದಿನಾ ವಾಕಿಂಗ್ ಮಾಡ್ತೀನಿ. ಇವೆರಡೂ ಬೇಕಾ?" ಅಂತ ಒಬ್ಬ ಹಿರಿಯರು ಕೇಳಿದರು.

ವಾಕಿಂಗ್ ಬಿಡಲೇಬೇಡಿ ಅಮ್ಮಾ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ. ನಿಧಾನದ ಯೋಗವಾಗಲಿ ಪಿಲಾಟೀಸ್ ಆಗಲಿ ಅದನ್ನು ತುಂಬಿಕೊಡುವುದಿಲ್ಲ. ಆದರೆ ಅದರ ಜೊತೆಗೇ ವಾರಕ್ಕೆ ಎರಡು ದಿನ ಸ್ನಾಯುಬಲದ ಕೆಲಸ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ ಅಂತಲೂ ಹೇಳಿದ್ದಾರೆ. ವಾಕಿಂಗ್‌ನಲ್ಲಿ ಈ ಎರಡು ಸಾಕಷ್ಟು ಸಿಗುವುದಿಲ್ಲ. ಗೋಡೆ ಪಕ್ಕದಲ್ಲಿ ವೃಕ್ಷಾಸನ ಮಾಡಿ, ಒಂದು ಬೆರಳು ಗೋಡೆಗೆ ತಾಗಿರಲಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಕೂರುವಾಗ ಧೊಪ್ ಅಂತ ಬೀಳಬಾರದು, ಆಗಲೇ ಹೇಳಿದೆನಲ್ಲ, ಆ ರಿಫಾರ್ಮರ್ ಲೆಕ್ಕ.

"ಊಟ ಆದ ಎಷ್ಟು ಹೊತ್ತಿಗೆ ಮಾಡಬಹುದು?" ಊಟ ಆಗಿ ಮೂರು ಗಂಟೆ ಬಿಡಿ. ಕಾಫಿ ಕುಡಿದು ಮಾಡಬಹುದಾ ಅಂತ ಪಕ್ಕದವರು ಪಿಸುಗುಟ್ಟಿದರು. ಕುಡಿಯಿರಿ, ಅರ್ಧ ಲೋಟ!

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ. "ಮಗಳು ಬೆಂಗಳೂರಲ್ಲಿ ಪಿಲಾಟೀಸ್‌ಗೆ ಸೇರ್ಕೋ ಅಂತಾಳೆ. ಅಲ್ಲಿ ಟೀಚರ್‌ಗೆ ಕನ್ನಡ ಬರುತ್ತೇನಮ್ಮ?" ಎಲ್ಲರೂ ನಕ್ಕರು.

ನಗಬೇಡಿ, ಇವತ್ತಿನ ಒಳ್ಳೆಯ ಪ್ರಶ್ನೆ ಇದು. ಯೋಗದಲ್ಲಿ ಭಂಗಿ ನೋಡಿಕೊಂಡು ಅಷ್ಟಿಷ್ಟು ಮಾಡಬಹುದು. ಪಿಲಾಟೀಸ್ ಪೂರ್ತಿ ಮಾತಿನ ಮೇಲೆ ನಡೆಯುತ್ತದೆ. ಪಕ್ಕೆಲುಬು ಅಗಲವಾಗಲಿ, ಬಾಲದ ಮೂಳೆ ಚಾಪೆಗೇ ಇರಲಿ, ಕತ್ತು ಉದ್ದ ಬಿಡಿ ಅಂತ ಟೀಚರ್ ಹೇಳುತ್ತಲೇ ಇರುತ್ತಾರೆ. ಅದು ಅರ್ಥವಾಗದಿದ್ದರೆ ಸುಮ್ಮನೆ ಕೈಕಾಲು ಆಡಿಸಿ ಬಂದ ಹಾಗೆ. ಮೊದಲು ಒಂದು ಕ್ಲಾಸ್ ಕೂತು ನೋಡುತ್ತೇನೆ ಅನ್ನಿ. ಬಿಡದಿದ್ದರೆ ಬೇರೆ ಕಡೆ ಹೋಗಿ. ಕನ್ನಡ ಬರುವ ಟೀಚರ್ ಸಿಗದಿದ್ದರೆ ಮೊದಲ ಕೆಲವು ಕ್ಲಾಸಿಗೆ ಮಗಳನ್ನೇ ಪಕ್ಕದ ಚಾಪೆಗೆ ಮಲಗಿಸಿಕೊಳ್ಳಿ. ಟೀಚರ್ ಶುರುವಿನಲ್ಲೇ ನಿಮ್ಮ ಮಂಡಿ, ಬಿಪಿ, ಕಣ್ಣು, ಆಪರೇಷನ್ ಬಗ್ಗೆ ವಿಚಾರಿಸಿದರೆ ಫೀಸು ಕಟ್ಟಿ. ವಿಚಾರಿಸದೆ ಮೂರು ತಿಂಗಳ ಪ್ಯಾಕೇಜ್ ಬಗ್ಗೆ ಮಾತು ತೆಗೆದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.